ಬಸವಲಿಂಗನಿಗೆ ಕೇಳದ ಸಪ್ಪಳ

ಬೈಲಹೊಂಗಲದ ಬಸ್ ನಿಲ್ದಾಣ ದಾಟಿ ಸ್ವಲ್ಪ ನಡೆದರೆ, ಟೈರಿನ ಅಂಗಡಿಯ ಪಕ್ಕದಲ್ಲಿ ಬಸವಲಿಂಗನ ಅಂಗಡಿ. ಗಾಡಿಗಳಿಗೆ ಟೇಪು, ಸ್ಪೀಕರು ಕೂಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಅವನ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದ. ಸವದತ್ತಿ ಗುಡ್ಡಕ್ಕೆ ಜನರನ್ನು ಒಯ್ಯುವ ಬಾಡಿಗೆ ಗಾಡಿಯವರಿಗೆ, ತಾವು ಬರುವುದು ಅರ್ಧ ಮೈಲಿ ಮೊದಲೇ ಊರಿಗೆ ಗೊತ್ತಾಗಬೇಕು. ಅವರು ಕೇಳಿದಷ್ಟು ಜೋರು ಬರುವವರೆಗೆ ಬಸವಲಿಂಗ ಗಾಜು ಏರಿಸಿಕೊಂಡು, ಸ್ಪೀಕರಿಗೆ ಕಿವಿ ಹಚ್ಚಿ ಒಳಗೆ ಕೂತಿರುತ್ತಿದ್ದ.

ಅವನಿಗೆ ಹೆಸರು ತಂದದ್ದೂ ಆ ಕಿವಿಯೇ. ಉಳಿದವರು ಸೆಟ್ಟು ಬಿಚ್ಚಿ ಹುಡುಕುವ ದೋಷವನ್ನು ಅವನು ಗಾಡಿಯ ಬಾಗಿಲಿಗೆ ಒರಗಿ ನಿಂತೇ ಹೇಳುತ್ತಿದ್ದ. ದನಿ ಮಂಕಾದರೆ ಟೇಪಿನ ಹೆಡ್ಡಿಗೆ ಧೂಳು ಕೂತಿದೆ. ಹಾಡು ಎಳೆದೆಳೆದು ಬಂದರೆ ಬೆಲ್ಟು ಸಡಿಲ. ಗಾಡಿ ಜಿಗಿದಾಗ ಒಂದು ಬದಿ ಬಂದಾದರೆ ಬಾಗಿಲ ಸಂದಿಯಲ್ಲಿ ವೈರು ಸವೆದಿದೆ. ಕಿತ್ತೂರಿನಿಂದ, ರಾಮದುರ್ಗದಿಂದ ಗಾಡಿಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದವು.

೨೦೦೪ರ ಫೆಬ್ರುವರಿಯಲ್ಲಿ ಸಾಲಹಳ್ಳಿಯ ಲಕ್ಷ್ಮಣ ಬಂದ. ಹದಿನೈದು ದಿನದ ಹಿಂದಷ್ಟೇ ಅವನ ಜೀಪಿಗೆ ಬಸವಲಿಂಗ ಹೊಸ ಆಂಪ್ಲಿಫೈಯರ್ ಕೂಡಿಸಿಕೊಟ್ಟಿದ್ದ.

“ಬಸವಲಿಂಗಣ್ಣಾರ, ಹಾಡಿನ ಹಿಂದ ಸಣ್ಣಗ ಸೀಟಿ ಹೊಡದಂಗ ಒಂದ ಸಪ್ಪಳ ಬರಾಕ ಹತ್ತೈತ್ರಿ. ರೇಸ್ ಕೊಟ್ಟಂಗ ಅದೂ ಏರತೈತಿ.”

ಬಸವಲಿಂಗ ಇಂಜಿನ್ ಚಾಲೂ ಮಾಡಿಸಿ ಕಣ್ಣು ಮುಚ್ಚಿ ಕೇಳಿದ. ಡೊಳ್ಳು ಕೇಳಿಸಿತು, ಹಾಡುವವನ ದನಿ ಕೇಳಿಸಿತು, ಸೀಟಿ ಕೇಳಿಸಲಿಲ್ಲ.

“ಏನೂ ಇಲ್ಲಲ್ರಿ.”

“ಈಗ ಬರಾಕ ಹತ್ತೈತಲ್ರಿ!”

“ಹೊಸಾದು ಹಾಕ್ಸಿದವ್ರಿಗೆ ನಾಕ ದಿನ ಹಂಗ ಅನಸ್ತೈತಿ. ಚಿಂತಿ ಬಿಟ್ಟ ಹೋಗ್ರಿ,” ಎಂದು ನಗುತ್ತಲೇ ಕಳಿಸಿದ.

ಒಂದು ವಾರಕ್ಕೆ ಲಕ್ಷ್ಮಣ ಹೆಂಡತಿಯನ್ನೂ ಕರೆದುಕೊಂಡು ಮತ್ತೆ ಬಂದ. ಅವಳು ಮಾಲಾ, ಸೆರಗಿನಿಂದ ಕಿವಿ ಮುಚ್ಚಿಕೊಂಡೇ ಇಳಿದಳು. “ಅಣ್ಣಾರ, ಊರಿಂದ ಇಲ್ಲೀತನಕ ತಲಿ ಒಡದ ಹೋತ್ರಿ. ನಿಮಗ ಹೆಂಗ ಕೇಳಸ್ವಲ್ದು?”

ಬಸವಲಿಂಗನಿಗೆ ಸಿಟ್ಟು ಬಂತು. ಅದೇ ಹೊತ್ತಿಗೆ ಅವನ ಹೆಂಡತಿ ಮೀನಾ ಬುತ್ತಿ ಹಿಡಿದು ಬಂದಳು. “ಇಲ್ಲಿ ಬಾ. ಇದರಾಗ ಏನರೆ ಸಪ್ಪಳ ಐತೇನ ನೀನ ಹೇಳು,” ಎಂದು ಹಾಡು ನಿಲ್ಲಿಸಿ, ಇಂಜಿನ್ ಏರಿಸಿದ. ಅವಳು ಬುತ್ತಿ ಬಾನೆಟ್ಟಿನ ಮೇಲಿಟ್ಟು ಒಳಗೆ ಬಗ್ಗಿದಳು.

“ಹೂಂರಿ. ಕುಂಯ್ ಅನ್ನಾಕ ಹತ್ತೈತಿ. ಕಿವಿಗೆ ಚುಚ್ಚತೈತಿ.”

ಲಕ್ಷ್ಮಣ ನೆಲ ನೋಡಿದ. ಬಸವಲಿಂಗ ಇಂಜಿನ್ ಬಂದ್ ಮಾಡಿ ಕೆಳಗಿಳಿದ. ಟೈರಿನ ಅಂಗಡಿಯ ಮುಂದೆ ಚೆಲ್ಲಿದ ಜೋಳಕ್ಕೆ ಹತ್ತು ಹನ್ನೆರಡು ಗುಬ್ಬಿಗಳು ಜಗಳಾಡುತ್ತಿದ್ದವು. ಎರಡು ವರ್ಷದಿಂದ ಊರಲ್ಲಿ ಗುಬ್ಬಿಯ ದನಿಯೇ ಇಲ್ಲ, ಹೊಲಕ್ಕೆ ಔಷಧ ಹೊಡೆದು ಹೊಡೆದು ಹಕ್ಕಿಗಳು ಸತ್ತವು ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಅವು ಅಲ್ಲೇ ಇದ್ದವು. ಕೊಕ್ಕು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು.

“ಗಾಡಿ ಎರಡ ದಿನ ಬಿಟ್ಟ ಹೋಗ್ರಿ,” ಎಂದ.

ಮರುದಿನ ಒಬ್ಬನೇ ಬೆಳಗಾವಿಗೆ ಹೋದ. ಕಿವಿ ಡಾಕ್ಟರ ಹತ್ತಿರ ಗಾಜಿನ ಕೋಣೆಯಲ್ಲಿ ಕೂಡಿಸಿ, ಹೆಡ್‌ಫೋನ್ ಹಾಕಿ, ಸಪ್ಪಳ ಕೇಳಿಸಿದಾಗ ಗುಂಡಿ ಒತ್ತಲು ಹೇಳಿದರು. ಮೊದಮೊದಲು ಒತ್ತಿದ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಗಾಜಿನಾಚೆಯ ನರ್ಸ್ ತನ್ನನ್ನೇ ನೋಡುತ್ತಿದ್ದುದು ಕಂಡು, ನಾಚಿಕೆಯಾಗಿ ಒಮ್ಮೆ ಸುಮ್ಮನೆ ಒತ್ತಿದ.

“ಸಣ್ಣ ದನಿ ಹಿಡಿಯೋ ನರಾ ಸತ್ತಾವ. ಅದಕ್ಕ ಔಷಧ ಇಲ್ಲ,” ಎಂದರು ಡಾಕ್ಟರು. “ಉಳದದ್ದನ್ನ ಉಳಿಸ್ಕೋರಿ. ಜೋರ ಸಪ್ಪಳದಾಗ ಇರಬ್ಯಾಡ್ರಿ.”

“ನನ್ನ ಕೆಲಸಾನ ಅದಲ್ರಿ.”

ಡಾಕ್ಟರು ರಿಪೋರ್ಟು ಮಡಚಿ ಅವನ ಕೈಗಿಟ್ಟರು.

ತಿರುಗಿ ಬಂದವನೇ ಜೀಪಿಗೆ ಕೈ ಹಾಕಿದ. ಇಂಜಿನ್ನಿನ ಕರೆಂಟು ಹಾಡಿನ ವೈರಿಗೆ ನುಗ್ಗಿದಾಗ ಇಂಥ ಸೀಟಿ ಬರುತ್ತದೆಂಬುದು ಅವನಿಗೆ ಬಾಯಿಪಾಠವಾಗಿತ್ತು. ಆಂಪ್ಲಿಫೈಯರಿನ ಅರ್ಥಿಂಗ್ ಸ್ಕ್ರೂ ಬಿಚ್ಚಿ, ಕೆಳಗಿನ ಬಣ್ಣ ಕೆರೆದು, ದಪ್ಪ ವೈರು ಹಾಕಿದ. ಬ್ಯಾಟರಿಯ ವೈರು ಹಾಡಿನ ವೈರಿನ ಜೊತೆಯಲ್ಲೇ ಹೋಗಿತ್ತು. ಅದನ್ನು ಕಿತ್ತು ಇನ್ನೊಂದು ಬದಿಯಿಂದ ಎಳೆದ. ಪ್ರತಿ ಸಲವೂ ಇಂಜಿನ್ ಏರಿಸಿ, ಪಕ್ಕದಲ್ಲಿ ಕೂತ ಮೀನಾಳ ಮುಖ ನೋಡಿದ.

“ಇನ್ನೂ ಐತ್ರಿ.”

ಮತ್ತೆ ಬಿಚ್ಚಿದ. ಮತ್ತೆ ಕೂಡಿಸಿದ.

“ಕಡಿಮಿ ಆಗೈತಿ ಅನಸ್ತೈತಿ.”

“ಅನಸ್ತೈತಿ ಅನಬ್ಯಾಡ. ಐತೋ ಇಲ್ಲೋ?”

“ಐತ್ರಿ.”

ಉಳಿದದ್ದು ಒಂದೇ ದಾರಿ. ವೈರನ್ನು ಗೇಣು ಗೇಣಾಗಿ ಅಲುಗಾಡಿಸುತ್ತ, ಸಪ್ಪಳ ಎಲ್ಲಿ ಬದಲಾಗುತ್ತದೆಂದು ಕೇಳುತ್ತ ಹೋಗಬೇಕು. ಕೈಯೂ ಕಿವಿಯೂ ಒಬ್ಬನದೇ ಆಗಿದ್ದರೆ ಅದು ಸುಲಭ. ಮೀನಾ “ಈಗ ಬದಲಾತು” ಎನ್ನುವಷ್ಟರಲ್ಲಿ ಅವನ ಕೈ ಮುಂದೆ ಹೋಗಿರುತ್ತಿತ್ತು. ಹಿಂದೆ ಬಂದರೆ ಅವಳಿಗೇ ಗೊಂದಲ. ರಾತ್ರಿ ಹೊತ್ತಿಗೆ ಬೆರಳು ಒಡೆದು ರಕ್ತ ಬಂದಿತ್ತು. ಅವನು ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಕೂತುಬಿಟ್ಟ.

“ಹೋತ್ರಿ,” ಎಂದಳು ಮೀನಾ.

ತಲೆ ಎತ್ತಿದ. “ಖರೇನ?”

“ಹೋತು ಅಂದ್ನೆಲ್ಲ. ಏಳ್ರಿ, ಮನಿಗೆ ಹೋಗೂಣು.”

ಮುಂಜಾನೆ ಲಕ್ಷ್ಮಣ ಬಂದು ಇಂಜಿನ್ ಚಾಲೂ ಮಾಡಿ ಎರಡು ಸಲ ರೇಸ್ ಕೊಟ್ಟು ಕೇಳಿದ. ಬಸವಲಿಂಗನ ಹಿಂದೆ ನಿಂತಿದ್ದ ಮೀನಾಳನ್ನು ನೋಡಿದ. “ಚಲೋ ಆಗೈತ್ರಿ ಅಣ್ಣಾರ,” ಎಂದು ಹೇಳಿ ಹೊರಟುಹೋದ. ಕಿವಿ ಹೋದರೂ ಬುದ್ಧಿಯಿಂದ ಕೆಲಸ ನಡೆಸಬಹುದೆಂದು ಬಸವಲಿಂಗ ಆ ಒಂದು ತಿಂಗಳು ನಂಬಿದ.

ಸಿರಸಂಗಿಯ ಮಹಾದೇವನೂ ಗಾಡಿ ಓಡಿಸುವವನು. ತಿಂಗಳಾದ ಮೇಲೆ ಫ್ಯೂಸು ಹಾಕಿಸಿಕೊಳ್ಳಲು ಬಂದವನು ಏನೂ ಅರಿಯದೆ ಹೇಳಿದ: “ಲಕ್ಷ್ಮಣನ ಜೀಪಿನ ಸೀಟಿ ಕಡೀಕೂ ಹೋತ್ರಿ. ರಾಮದುರ್ಗದಾಗ ಯಾವನೋ ಹೊಸಬ ಹತ್ತ ನಿಮಿಷದಾಗ ಹಿಡದ್ನಂತ. ಹಾಡಿನ ವೈರಿನ ಮ್ಯಾಲೆ ಕರೆಂಟ ತಡಿಯೂ ತಂತಿ ಜಾಳಗಿ ಒಂದ ಕಡೆ ಹರದಿತ್ತಂತ. ಅಷ್ಟ.”

ಬಸವಲಿಂಗ ಫ್ಯೂಸು ಹಾಕಿಕೊಟ್ಟು, ಬಾಗಿಲು ಎಳೆದು ಮನೆಗೆ ಹೋದ. ಮೀನಾ ರೊಟ್ಟಿ ಬಡಿಯುತ್ತಿದ್ದಳು.

“ಸೀಟಿ ಹೋಗಿತ್ತೇನ?”

ಅವಳ ಕೈ ನಿಂತಿತು. “ನಿಮ್ಮ ಮಾರಿ ನೋಡಾಕ ಆಗಲಿಲ್ರಿ.”

“ನಿನ್ನ ಕಿವೀನ ನನ್ನ ಕಿವಿ ಅಂತ ತಿಳಕೊಂಡಿದ್ನಿ. ಇನ್ನ ಯಾರನ್ನ ಕೇಳ್ಲಿ?”

ಅವಳು ಅತ್ತಳು. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಬಯ್ಯಬೇಕೆಂದು ಬಂದವನು ಹೆಂಚು ಇಳಿಸಿ ಒಲೆ ಆರಿಸಿದ.

ಆಮೇಲೆ ಬಂದ ಗಿರಾಕಿಗಳು “ಚಲೋ ಆತ್ರಿ” ಎಂದಾಗಲೆಲ್ಲ ಅವನು ಅವರ ಕಣ್ಣು ನೋಡುತ್ತಿದ್ದ. ಯಾರನ್ನೂ ನಂಬಲಾಗಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅಂಗಡಿಯನ್ನು ಮೊಬೈಲ್ ಮಾರುವವನಿಗೆ ಬಿಟ್ಟುಕೊಟ್ಟ. ದೀಪಾವಳಿ ಕಳೆದು ಹತ್ತಿ ಬರತೊಡಗಿದಾಗ ಅದರ ಬೀಜ ತೆಗೆಯುವ ಜಿನ್ನಿಂಗ್ ಗಿರಣಿಯಲ್ಲಿ ಕೆಲಸ ಹಿಡಿದ.

“ಅಲ್ಲಿ ಮಶೀನಿನ ಸಪ್ಪಳ ಕಿವಿ ಒಡಿಯೂ ಹಂಗ ಇರತೈತಂತ,” ಎಂದಳು ಮೀನಾ. “ಡಾಕ್ಟ್ರು ಬ್ಯಾಡ ಅಂದಾರಲ್ರಿ. ಇದ್ದದ್ದೂ ಹೋಗತೈತಿ.”

“ಅಲ್ಲಿ ಯಾರಿಗೂ ಯಾರದೂ ಕೇಳಸೂದಿಲ್ಲ. ಎಲ್ಲಾರೂ ಕೈಲೇ ಮಾತಾಡ್ತಾರ,” ಎಂದು ಬಸವಲಿಂಗ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೊದಲನೆಯ ಪಾಳಿಗೆ ಹೊರಟ.