ಮಿಲ್ಲಿನ ಆಫೀಸಿನ ಫೋನು

ಪರೀಕ್ಷಾಕ್ಕಂತ ಕೊಟ್ಟ ಕೆಲಸ ಕಳಿಸಾಕ ಐದು ಗಂಟೆಯೊಳಗ ಹೈದರಾಬಾದಿನ ಕಂಪನಿಗೆ ಫೋನಿನ ಲೈನು ಹತ್ತಬೇಕಿತ್ತು. ಹತ್ತಿದ್ರ ಚನ್ನಮಲ್ಲಮ್ಮಗ ಮನಿಯಾಗ ಕುಂತು ಮಾಡೋ ನೌಕರಿ, ಹತ್ತದಿದ್ರ ಕಂಪ್ಯೂಟರಿಗೆ ಅರಿವಿ ಹೊಚ್ಚಿ ಒಲಿ ಮುಂದ ಕುಂದ್ರೋದು. ಸೊಸಿ ಹೊರಗ ದುಡಿಯೋದು ನಮ್ಮ ಮನಿತನದಾಗ ಇಲ್ಲಂತ ಮಾವ ಮುದುಕಪ್ಪ ಲಗ್ನದ ಮಾತಿನಾಗೇ ಹೇಳಿಬಿಟ್ಟಿದ್ದ.

೧೯೮೯ರ ರಾಯಚೂರಿನಾಗ ಆ ಓಣಿಗೆಲ್ಲ ಕಂಪ್ಯೂಟರ್ ಇದ್ದ ಮನಿ ಅದೊಂದೇ. ಬಾಜೂಕ ಮೋಡೆಮ್ ಅನ್ನೋ ಡಬ್ಬಿ; ಫೋನಿನ ತಂತಿ ಮ್ಯಾಲ ಆ ಕಡಿ ಕಂಪ್ಯೂಟರ್ ಜೋಡಿ ಮಾತಾಡೋದು ಅದರ ಕೆಲಸ. ನಂಬರ್ ತಿರುಗಿಸು, ಹೆಸರು ಕೇಳೋತನಕ ಕಾಯಿ, ಕೇಳಿದ ಮ್ಯಾಲ ಹೆಸರು ಕೊಡು ಅಂತ ಅದಕ್ಕೊಂದು ಸ್ಕ್ರಿಪ್ಟ್ ಬರದಿದ್ದಳು. ಡಬ್ಬಿ ಟಕಟಕ ನಂಬರ್ ತಿರುವೋದು, ಕೀಂ ಅಂತ ಚೀರೋದು, ಲೈನೂ ಹತ್ತೋದು. ಇನ್ನೇನು ಹೆಸರು ಕೊಡಬೇಕು, ಕಂಪ್ಯೂಟರ್ ಪರದಿ ತುಂಬ ಅಡ್ಡಾದಿಡ್ಡಿ ಅಕ್ಷರ ಸುರುವಿ ಲೈನು ಕಟ್!

"ಥೂ ನಿನ್ನ!" ಅಂದಳು. ಕಾಯೋ ಹೊತ್ತು ಹೆಚ್ಚಿಸಿದಳು, ವೇಗ ಇಳಿಸಿದಳು, ಸಾಲುಸಾಲು ತಿದ್ದಿದಳು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಹೇಸಿಗಿ ಬಂದು ಹೋತು. ಒಂದು ಮಾತು ಕೇಳಾಕ ಗಂಡನೂ ಇಲ್ಲ, ಮಾನವಿ ಊರಿಗೆ ನೆಲ್ಲು ಖರೀದಿಗೆ ಹೋಗಿದ್ದ.

ಮತ್ತೊಮ್ಮಿ ನಂಬರ್ ತಿರುಗುವಾಗ ಅಂಗಳದಾಚಿ ಮಾವನ ಅಕ್ಕಿ ಮಿಲ್ಲಿನ ಆಫೀಸಿನಿಂದ ಸಣ್ಣಗ ಟಿಂಗ್ ಟಿಂಗ್ ಅಂತು. ಅಲ್ಲಿರೋದೂ ಇದೇ ಲೈನಿನ ಇನ್ನೊಂದು ಫೋನು. ಇಲ್ಲಿ ನಂಬರ್ ತಿರುಗಿದ್ರ ಅಲ್ಲಿ ಗಂಟಿ ಮಿಡಿತದ. ಅಲ್ಲಿ ಯಾರರ ರಿಸೀವರ್ ಎತ್ತಿದ್ರ ಇಲ್ಲಿ ಸ್ಕ್ರಿಪ್ಟ್ ಮಣ್ಣುಪಾಲು. ಆದ್ರ ಫೋನ್ ಬರದೇ ಯಾರು ಎತ್ತತಾರ? ಸ್ಕ್ರಿಪ್ಟ್ ಮತ್ತೊಮ್ಮಿ ಓಡಿಸಿ, ಅಂಗಳ ದಾಟಿ ಕಿಟಕಿಗೆ ನಿಂತಳು.

ಟಿಂಗ್ ಟಿಂಗ್ ನಿಂತದ್ದೇ ತಡ, ಎಲಿಅಡಕಿ ಜಗಿಯಾಕತ್ತಿದ್ದ ಮುದುಕಪ್ಪ ರಿಸೀವರಿನ ಬಾಯಿಗೆ ಹೆಗಲಿನ ಟವಲ್ ಒತ್ತಿ, ಮೆಲ್ಲಕ ಕಿವಿಗೆ ಹಚ್ಚಿದ. ಮೋಡೆಮ್ ಕಿವ್ಯಾಗ ಚೀರಿದ್ರೂ ಮಾರಿ ಕಿವುಚಿಕೊಂಡು ಕೇಳೇ ಕೇಳಿದ. ಟವಲ್ ಒತ್ತೋ ಆ ಕೈ ಇವತ್ತು ಪಳಗಿದ್ದಲ್ಲ.

ಹಿಂದೊಮ್ಮಿ ದೇವದುರ್ಗದಾಗಿರೋ ಅವ್ವಗ ಚನ್ನಮಲ್ಲಮ್ಮ ಫೋನಿನಾಗ ಪಿಸುಗುಟ್ಟಿದ್ದು, ಮಕ್ಕಳಾಗಾಕ ಡಾಕ್ಟ್ರು ಕೊಟ್ಟ ಗುಳಿಗಿ ಸುದ್ದಿ, ಮರುದಿನ ಎಲ್ಲಾರೂ ಉಣ್ಣಾಕ ಕುಂತಾಗ ಮಾವನ ಬಾಯಿಂದ ಬಂದಿತ್ತು. "ಗುಳಿಗಿ ನುಂಗಿದ್ರ ಮಕ್ಕಳಾಗ್ತಾವೇನು?" ಮನಿಗೆಲಸದ ಗೋಪಮ್ಮನೇ ಚಾಡಿ ಹೇಳ್ಯಾಳಂತ ಆಕಿ ಜೋಡಿ ಮಾತು ಬಿಟ್ಟಿದ್ದಳು. ಈಗ ಮೈಮ್ಯಾಲ ಯಾರೋ ಎಲಿ ಉಗುಳಿದಂಗಾತು.

ಒಳಗ ಹೋದಳು. ಮುದುಕಪ್ಪ ಗಡಬಡಿಸಿ ರಿಸೀವರ್ ಇಟ್ಟ.

"ಫೋನ್ ಕೆಟ್ಟದ ನೋಡವ್ವಾ, ಒಂದೇ ಸವನ ಚೀರಾಕತ್ತದ."

"ಹೌದ್ರಿ ಮಾವಾರ. ರಿಪೇರಿ ಮಾಡಾಕ ಬಂದೀನ್ರಿ."

ಎಲಿ ತಟ್ಟಿಯಾಗಿನ ಅಡಕೊತ್ತು ತಗೊಂಡು, ಗ್ವಾಡಿಯಿಂದ ಇಳಿದಿದ್ದ ತಂತಿಯನ್ನ ಕಚಕ್ ಅಂತ ಕತ್ತರಿಸಿ, ಹೊಳ್ಳಿ ನೋಡದ ಬಂದಳು.

ಡಬ್ಬಿ ಮತ್ತ ಚೀರಿತು. ಆ ಕಡಿಂದ ಹೆಸರು ಕೇಳಿತು, ಸ್ಕ್ರಿಪ್ಟ್ ಹೆಸರು ಕೊಡ್ತು. ಆಕಿ ಬರದ ಕೆಲಸ ಪೂರಾ ಹೋಗಿ ಮುಟ್ಟೋತನಕ ಲೈನು ಅಳ್ಳಾಡಲಿಲ್ಲ. ಐದಾಗಾಕ ಇನ್ನೂ ಹೊತ್ತಿತ್ತು.

ಬಾಗಿಲಿಗೆ ಮುದುಕಪ್ಪ ಬಂದು ನಿಂತ, ಮಾರಿ ಕೆಂಪಾಗಿತ್ತು. "ನನ್ನ ಯಾಪಾರದ ಫೋನ್ ಬಂದ್ರ ಏನ್ ಮಾಡ್ಲಿ?"

"ಇಲ್ಲಿಗೇ ಬಂದು ಮಾತಾಡ್ರಿ ಮಾವಾರ," ಅಂದಳು ಚನ್ನಮಲ್ಲಮ್ಮ. "ನಾನು ಬಾಜೂಕ ಕುಂತು ಕೇಳತೀನಿ."