ಉಡದಾರ ತಿಕ್ಕಿದ ಕೆಂಪು

ಖಡಕಿಯ ಆ ಚಾಳಿನ ಬಾಗಿಲಿಗೆ ಬೆಳಗಿನ ಬಿಸಿಲು ಬೀಳುವುದೇ ಅರ್ಧ ತಾಸು. ಅಷ್ಟರಲ್ಲಿ ಕಾಶಪ್ಪ ಅಂಗಿ ಎತ್ತಿ ನಿಲ್ಲಬೇಕು, ಹೆಂಡತಿ ಸಾಬವ್ವ ಹೊಟ್ಟೆ ನೋಡಬೇಕು. ಒಂಬತ್ತು ವರ್ಷದಿಂದ ಇದೊಂದು ಪೂಜೆ.

ಗೌಂಡಿ ಕೆಲಸದಲ್ಲಿದ್ದಾಗ ಸ್ಲ್ಯಾಬ್ ಕುಸಿದು ಅವನ ಕರುಳೂ ಹೋಗಿತ್ತು, ಹೊಟ್ಟೆಯ ಮೇಲಿನ ಮಾಂಸ ಚರ್ಮವೂ ಹೋಗಿತ್ತು. ತೀರಿಹೋದ ಯಾರೋ ಪುಣ್ಯಾತ್ಮನ ಕರುಳು ಕೂಡಿಸಿ, ಅದನ್ನು ಮುಚ್ಚಲು ಆ ಪುಣ್ಯಾತ್ಮನದೇ ಹೊಟ್ಟೆಯ ಚರ್ಮ ಹೊಲಿದಿದ್ದರು. ಕಾಶಪ್ಪನ ಕರಿಮೈಯಲ್ಲಿ ಅದೊಂದು ಗೋಧಿ ಬಣ್ಣದ ತೇಪೆ. "ಈ ಚರ್ಮ ಕೆಂಪಾದರೆ ಒಳಗಿನ ಕರುಳನ್ನೂ ಮೈ ಒಲ್ಲೆ ಅನ್ನುತ್ತಿರಬಹುದು. ತಡಮಾಡಿದರೆ ಕರುಳು ಉಳಿಯೋದಿಲ್ಲ," ಎಂದು ಡಾಕ್ಟರ್ ಅನುಜಾ ಅಂದೇ ಹೇಳಿದ್ದರು.

ಒಂದು ಬೆಳಗ್ಗೆ ನೋಡಿದರೆ ತೇಪೆಯ ತುಂಬ ಕೆಂಪು ಗುಳ್ಳೆ. ಮರುದಿನ ಬಸುರಿ ಮಗಳು ಭಾಗ್ಯಾಳ ಕುಬಸ.

"ಉಡದಾರ ತಿಕ್ಕೇದ, ಅಷ್ಟ," ಎಂದ ಕಾಶಪ್ಪ. ಹಳೆಯ ಬೆಳ್ಳಿ ಉಡದಾರವನ್ನು ಆಸ್ಪತ್ರೆಯಲ್ಲಿ ಕತ್ತರಿಸಿದ ಮೇಲೆ ಅವನ ಸೊಂಟ ಬರಿದಾಗಿತ್ತು. ನಾಲ್ಕು ದಿನದ ಹಿಂದೆ ಶಿವಾಜಿನಗರದಿಂದ ಕರಿದಾರ ತಂದು ಸದ್ದಿಲ್ಲದೆ ಕಟ್ಟಿಕೊಂಡಿದ್ದ. "ಬೀಗರ ಮುಂದ ಬರೇ ಸೊಂಟದಾಗ ನಿಲ್ಲಲೇನು?"

"ಧೋತರ ಎತ್ತಿ ನೋಡೂ ಬೀಗರು ಎಲ್ಲಿ ಸಿಕ್ಕಾರ್ರಿ ನಿಮಗ? ತಿರಗರಿ."

ತಿರುಗಿದ. ದಾರ ಸುತ್ತಿಬಂದಿದ್ದ ಬೆನ್ನು ಸ್ವಚ್ಛವಾಗಿತ್ತು. ಮುಂದೆ ನೋಡಿದರೆ ದಾರ ತಾಗದ ಮೇಲ್ಭಾಗದಲ್ಲೂ ಗುಳ್ಳೆ. ಹೊಲಿಗೆಯ ಗೆರೆಗೆ ಬಂದು ಕೆಂಪು ಗಕ್ಕನೆ ನಿಂತಿತ್ತು. ಗೆರೆಯಾಚೆ ಅವನ ಸ್ವಂತ ಚರ್ಮದಲ್ಲಿ ಒಂದೂ ಇಲ್ಲ. ಗೋಡೆಗೆ ದಾರ ಹಿಡಿದು ಬಾಳ್ವೆ ಮಾಡಿದವನಿಗೆ ಆ ಗೆರೆಯನ್ನು ಯಾರೂ ಓದಿ ಹೇಳಬೇಕಿರಲಿಲ್ಲ. ಅಂಗಿ ಇಳಿಸಿ ಹೊಸ್ತಿಲ ಮೇಲೆ ಕೂತ.

ಕರುಳಿಲ್ಲದೆ, ಕೊರಳಿನ ನರಕ್ಕೆ ಹಾಕಿದ ನಳಿಗೆಯಲ್ಲಿ ಊಟ ಇಳಿಸುತ್ತಿದ್ದ ಆ ತಿಂಗಳುಗಳು ನೆನಪಾದವು. ಈಗ ಎರಡು ರೊಟ್ಟಿ, ಪುಂಡಿಪಲ್ಲೆ ತಿಂದು ಅರಗಿಸುವ ಹೊಟ್ಟೆ ಇದು.

"ಕುಬಸ ಮುಗಿಸಿ ನಾಡದ ದವಾಖಾನಿಗೆ ಹೋಗೂಣು," ಎಂದ.

"ಹುಟ್ಟೂ ಮೊಮ್ಮಗನ ಜಾವಳಕ್ಕ ನೀವು ಬ್ಯಾಡೇನ್ರಿ?" ಎಂದಳು ಸಾಬವ್ವ, ಆಸ್ಪತ್ರೆಯ ಫೈಲು ಚೀಲಕ್ಕೆ ಹಾಕುತ್ತ.

ಅಂದೇ ಆಸ್ಪತ್ರೆಯಲ್ಲಿ ಚರ್ಮದ ಚೂರು ತೆಗೆದು, ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. "ಕಾಕಾ, ವೇಳೇವರ್ ಆಲಾತ್," ಎಂದರು ಅನುಜಾ. ಹೊತ್ತಿಗೆ ಸರಿಯಾಗಿ ಬಂದಿದ್ದೀರಿ ಎಂದು. ಕರುಳನ್ನು ಮೈ ಒಲ್ಲೆ ಅನ್ನುವುದು ಆಗಷ್ಟೇ ಸುರುವಾಗಿತ್ತು. ಐದು ದಿನ ಇಂಜೆಕ್ಷನ್. ಕುಬಸವನ್ನು ಕಾಶಪ್ಪ ಫೋನಿನಲ್ಲೇ ನೋಡಿದ. ಹಸಿರು ಬಳೆ ತೊಟ್ಟ ಭಾಗ್ಯಾ, "ಅಪ್ಪಾ, ನಿನ್ನ ಪಾಲಿನ ಹೋಳಿಗಿ ಅತ್ತಿ ತಿಂದ್ಲು," ಎಂದು ದೂರಿದಳು. ಐದನೆಯ ದಿನಕ್ಕೆ ಕೆಂಪು ಇಳಿಯಿತು.

ಮನೆಗೆ ಬಂದ ಮರುಬೆಳಗ್ಗೆ ಕಾಶಪ್ಪ ಕರಿದಾರ ಹುಡುಕುತ್ತಿದ್ದ.

"ಟ್ರಂಕಿನ್ಯಾಗ ಅದ. ಜಾವಳದ ದಿನ ನಾನ ಕಟ್ಟತೀನಿ," ಎಂದಳು ಸಾಬವ್ವ. "ಬಿಸಿಲು ಹೊಂಟದ, ಅಂಗಿ ಎತ್ತರಿ."