ಬಿಸ್ಮಿ ಹೇಳದ ನೀರು

ಬಾತ್‌ರೂಮಿನ ನಲ್ಲಿಯನ್ನು ಸಣ್ಣಗೆ ಬಿಟ್ಟು, ಆ ಸದ್ದಿನ ಮರೆಯಲ್ಲಿ ಶಮೀಮ ನೀರು ಕುಡಿಯುತ್ತಿದ್ದಳು. ಗಟಗಟನೆ ಕುಡಿಯುವಂತಿರಲಿಲ್ಲ. ಚಳಿಗಾಲದ ಆರಂಭದಲ್ಲಿ ತೂಕ ಇಳಿಸುವ ಆಪರೇಶನ್ ಮಾಡಿ ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದಿದ್ದರು. ಉಳಿದದ್ದು ಬಾಳೆಕಾಯಿಯಷ್ಟು ಸಪೂರದ ಒಂದು ಚೀಲ. ಒಂದು ಗುಟುಕು, ಸ್ವಲ್ಪ ಹೊತ್ತು ಕಾಯುವುದು, ಮತ್ತೊಂದು ಗುಟುಕು. ದಿನವಿಡೀ ಹೀಗೆ ಕುಡಿಯುತ್ತಲೇ ಇರಬೇಕು, ಈ ವರ್ಷ ರಂಜಾನ್ ಉಪವಾಸದ, ನೋಂಬಿನ, ಮಾತೇ ಬೇಡ ಎಂದು ಡಾಕ್ಟರು ಹೇಳಿದ್ದರು. ಊರಿನ ಮಸೀದಿಯ ಉಸ್ತಾದರನ್ನು ಫೋನಿನಲ್ಲಿ ಕೇಳಿದಾಗ ಅವರೂ ಬೇರೆ ಹೇಳಲಿಲ್ಲ. “ರೋಗಿಗೆ ರಿಯಾಯಿತಿ ಕೊಟ್ಟದ್ದು ಅಲ್ಲಾಹನೇ ಅಲ್ವಾ? ತಗೊಳ್ಳಲಿಕ್ಕೆ ನಾಚಿಕೆ ಎಂತದು? ಗುಣವಾದ ಮೇಲೆ ಹಿಡಿದು ತೀರಿಸು.”

ಆದ್ದರಿಂದ ನೋಂಬು ಬಿಟ್ಟದ್ದು ತಪ್ಪಲ್ಲ. ಬಿಟ್ಟಿಲ್ಲ ಎಂದು ತೋರಿಸಿಕೊಳ್ಳುತ್ತಿರುವುದು ತಪ್ಪು. ನೀರನ್ನು ಕುಳಿತು, ಬಿಸ್ಮಿ ಹೇಳಿ ಕುಡಿಯಬೇಕೆಂದು ಮದರಸಕ್ಕೆ ಹೋಗುವ ಮೊದಲೇ ಕಲಿತವಳು ಅವಳು. ಇಲ್ಲಿ ಕುಳಿತುಕೊಳ್ಳಲು ಜಾಗವಿಲ್ಲ, ದೇವರ ಹೆಸರನ್ನು ಎತ್ತುವ ಜಾಗವೂ ಇದಲ್ಲ. ನಿಂತೇ, ಕಳ್ಳಿಯ ಹಾಗೆ, ಬಿಸ್ಮಿ ಇಲ್ಲದ ನೀರನ್ನು ನುಂಗುವಾಗ ಅದು ಎದೆಯಲ್ಲಿ ಎಲ್ಲೋ ಒಂದು ಕ್ಷಣ ನಿಂತು ಆಮೇಲೆ ಇಳಿಯುತ್ತಿತ್ತು.

ಬಾಗಿಲಿನ ಆಚೆ, ಹಾಲ್‌ನಲ್ಲಿ, ಅವಳ ಗಂಡ ಸವಾದ್‌ನ ತಾಯಿ ಹಲೀಮ ಇದ್ದರು. ರಂಜಾನ್ ತಿಂಗಳನ್ನು ಮಗನ ಮನೆಯಲ್ಲಿ ಕಳೆಯಬೇಕೆಂದು ಉಳ್ಳಾಲದಿಂದ ಅಬುಧಾಬಿಯ ಈ ಖಲೀಫಾ ಸಿಟಿಗೆ ಬಂದವರು. ಏರ್‌ಪೋರ್ಟಿನಲ್ಲಿ ಸೊಸೆಯನ್ನು ಗುರುತಿಸದೆ ಮುಂದೆ ಹೋಗಿ, ಕರೆದ ಮೇಲೆ ತಿರುಗಿ ನಿಂತು, “ಅಲ್ಲಾ! ಇದು ಯಾರ ಮಗಳು?” ಎಂದು ಗಲ್ಲ ಹಿಡಿದುಕೊಂಡಿದ್ದರು.

“ವಾಕಿಂಗ್, ಉಮ್ಮ. ದಿನಾ ವಾಕಿಂಗ್,” ಎಂದು ಸವಾದ್ ಗಾಡಿಗೆ ಪೆಟ್ಟಿಗೆ ತುಂಬಿಸುತ್ತಲೇ ಹೇಳಿಬಿಟ್ಟಿದ್ದ. ಆಪರೇಶನ್ ಎಂದರೆ ಉಮ್ಮ ಹೆದರುತ್ತಾರೆ ಎನ್ನುವುದು ಅವನ ಲೆಕ್ಕ. ಶಮೀಮಳ ಕಾರಣ ಬೇರೆ. ಹಿಂದಿನ ವರ್ಷ ಊರಿನ ಮದುವೆಯೊಂದರಲ್ಲಿ ಯಾರೋ, “ನಿಮ್ಮ ಸೊಸೆ ಬರುವುದಾದರೆ ಬಾಗಿಲಿನ ದಾರಂದ ಬದಲಿಸಬೇಕು ಹಲೀಮ,” ಎಂದಾಗ ಎಲ್ಲರೂ ನಕ್ಕಿದ್ದರು. ಹಲೀಮ ನಗಲಿಲ್ಲ. “ಅವಳು ನಮ್ಮ ಮನೆಯ ಅನ್ನ ತಿಂದು ದಪ್ಪ ಆದದ್ದು, ನಿನ್ನ ಮನೆಯದ್ದಲ್ಲ,” ಎಂದು ಆ ಹೆಂಗಸಿನ ಬಾಯಿ ಮುಚ್ಚಿಸಿದ್ದರು. ಆ ಅನ್ನವನ್ನು ಇನ್ನು ಈ ಹೊಟ್ಟೆ ಹಿಡಿಯದು ಎಂದು ಅವರಿಗೆ ಹೇಗೆ ಹೇಳುವುದು?

ಮೊದಲ ದಿನ ಬೆಳಗಾಗುವ ಮುನ್ನ ಸಹರಿಯ ಊಟಕ್ಕೆ ಹಲೀಮ ಮಾಮಿ ಬಾಗಿಲು ತಟ್ಟಿದಾಗಲೇ ಹೇಳಬಹುದಿತ್ತು. ಶಮೀಮ ಎದ್ದು ಬಂದು, ಅವರೇ ಬಿಸಿ ಮಾಡಿದ ಅಕ್ಕಿರೊಟ್ಟಿ ಪತ್ತಿರ್‌ನ ಒಂದು ತುದಿ ಮುರಿದು ಬಾಯಿಗಿಟ್ಟಳು. ಅಷ್ಟೇ. ಆ ಒಂದು ತುಂಡಿನಿಂದ ಅವಳು ನೋಂಬುಗಾರ್ತಿಯಾದಳು.

ಅದು ಅಲ್ಲಿಗೇ ನಿಲ್ಲಲಿಲ್ಲ. ಹಲೀಮರಿಗೆ ಸಕ್ಕರೆ ಕಾಯಿಲೆ. ಹಿಂದಿನ ಕೆಲವು ವರ್ಷಗಳಿಂದ ಅವರು ಡಾಕ್ಟರ ಮಾತು ಕೇಳಿ ನೋಂಬು ಬಿಟ್ಟು, ಬದಲಿಗೆ ಬಡವರ ಮನೆಗೆ ಅಕ್ಕಿ ಕಳಿಸುತ್ತಿದ್ದರು. ಎರಡನೆಯ ದಿನ ಸಹರಿಗೆ ಅವರೂ ತಟ್ಟೆ ಹಾಕಿಕೊಂಡು ಕುಳಿತರು.

“ಮಾಮಿ, ನಿಮಗೆ ಡಾಕ್ಟರ್ ಬೇಡ ಅಂದಿದ್ದಾರಲ್ಲ?”

“ನಿನ್ನನ್ನು ನೋಡಿ ನನಗೆ ನಾಚಿಕೆ ಆಯ್ತು. ಗಾಳಿ ಬಂದರೆ ಹಾರಿ ಹೋಗುವ ಹಾಗೆ ಇದ್ದೀ. ನೀನು ನೋಂಬು ಹಿಡಿದು ಕೆಲಸಕ್ಕೂ ಹೋಗುವುದು, ನಾನು ಹಗಲಿಡೀ ಸೋಫಾದಲ್ಲಿ ಕೂತು ಚಾ ಕುಡಿಯುವುದು. ಎಂತ ಚಂದ ಅದು?”

“ನಿಮ್ಮದು ಕಾಯಿಲೆ ಮಾಮಿ.”

“ಕಾಯಿಲೆ ನನ್ನ ಜೊತೆ ಹುಟ್ಟಿದ್ದಾ? ನೋಂಬು ಅದಕ್ಕಿಂತ ಹಳತು.”

ಶಮೀಮ ಗಂಡನ ಮುಖ ನೋಡಿದಳು. ಸವಾದ್ ಮೊಸರು ಕಲಸುತ್ತಿದ್ದ. ಆಮೇಲೆ ಕೋಣೆಯಲ್ಲಿ ಅವನು, “ಎರಡು ದಿನ ಹಿಡಿದು ಅವರೇ ಬಿಡ್ತಾರೆ. ಈಗ ಹೇಳಿದರೆ ನಿನ್ನೆ ನಾಟಕ ಮಾಡಿದ್ದನ್ನೂ ಹೇಳಬೇಕಾಗ್ತದೆ,” ಎಂದ. ಅವರು ಬಿಡಲಿಲ್ಲ. ಇವಳೂ ಹೇಳಲಿಲ್ಲ. ಒಂದೊಂದು ದಿನ ಕಳೆದಂತೆ ಹೇಳಬೇಕಾದದ್ದು ದೊಡ್ಡದಾಗುತ್ತಾ ಹೋಯಿತು.

ಶಮೀಮ ಕೆಲಸ ಮಾಡುತ್ತಿದ್ದದ್ದು ಒಂದು ಹಲ್ಲಿನ ಕ್ಲಿನಿಕ್‌ನ ರಿಸೆಪ್ಶನ್‌ನಲ್ಲಿ. ಅಲ್ಲಿನ ಪ್ಯಾಂಟ್ರಿಯಲ್ಲಿ ಮಾತ್ರ ಅವಳು ಕುಳಿತು ನೀರು ಕುಡಿಯುತ್ತಿದ್ದಳು, ಜೊತೆಗೆ ನರ್ಸ್ ಜೋಯ್ಲಿನ್. ಶಿರ್ವದ ಕಡೆಯ ಕ್ರಿಶ್ಚಿಯನ್ ಹುಡುಗಿ. ಸವಾದ್‌ನನ್ನು ಬಿಟ್ಟರೆ ಎಲ್ಲ ಗೊತ್ತಿದ್ದವಳು ಅವಳೊಬ್ಬಳೇ.

“ನೀನು ನಾಟಕಕ್ಕೆ ಸೇರಬೇಕಿತ್ತು ಮಾರಾಯ್ತಿ. ಸಂಜೆ ಹಸಿದವರ ಹಾಗೆ ಮುಖ ಹೇಗೆ ಮಾಡ್ತೀ?”

“ಮುಖ ಮಾಡಲಿಕ್ಕಿಲ್ಲ. ಅದೇ ಆಗ್ತದೆ.”

“ನಮ್ಮಲ್ಲಾದರೆ ಪಾದ್ರಿ ಹತ್ತಿರ ಹೋಗಿ ಹೇಳಿ ಬಂದರೆ ಖಲಾಸ್. ನಿನಗೆ ಅದೂ ಇಲ್ಲ ಪಾಪ. ನೀನು ಅತ್ತೆಗೇ ಹೇಳಬೇಕು.”

“ಇವತ್ತು ಹೇಳ್ತೇನೆ.”

“ನಿನ್ನೆ ಕೂಡ ಇದನ್ನೇ ಅಂದೆ,” ಎಂದು ಜೋಯ್ಲಿನ್ ಅವಳ ಬಾಟಲಿಗೆ ನೀರು ತುಂಬಿಸಿ ಮುಂದಿಟ್ಟಳು.

ಪ್ರತಿ ಸಂಜೆ ಸೂರ್ಯ ಮುಳುಗಿ ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಆದಾಗ ಹಲೀಮ ತಟ್ಟೆಯಿಂದ ಒಳ್ಳೆಯ ಖರ್ಜೂರ ಒಂದನ್ನು ಆರಿಸಿ, ಬೀಜ ತೆಗೆದು, ಮೊದಲು ಸೊಸೆಯ ಕೈಗೆ ಇಡುತ್ತಿದ್ದರು. ಮಗನಿಗೆ ಆಮೇಲೆ. “ದುಡಿದು ಬಂದು ಹಿಡಿದದ್ದಲ್ವಾ, ಅವಳದ್ದು ದೊಡ್ಡ ನೋಂಬು,” ಎನ್ನುತ್ತಿದ್ದರು. ದಿನದ ನೋಂಬು ಮುಗಿಸುವಾಗ ಹೇಳುವ ದುಆ ಶಮೀಮಳ ನಾಲಿಗೆಯಲ್ಲಿ ಬಾಲ್ಯದಿಂದ ಇತ್ತು. ನಿನಗಾಗಿ ನಾನು ಉಪವಾಸವಿದ್ದೆ ಎಂದು ಆರಂಭವಾಗುವ ಮಾತು. ಅದನ್ನು ಹೇಳಿದರೆ ಸುಳ್ಳು ಯಾರಿಗೆ ಹೇಳಿದಂತಾಯಿತು? ಅವಳು ತುಟಿಗಳನ್ನಷ್ಟೇ ಅಲುಗಿಸುತ್ತಿದ್ದಳು. ಖರ್ಜೂರದ ಅರ್ಧ ತಿನ್ನುವಷ್ಟರಲ್ಲಿ ಹೊಟ್ಟೆ ತುಂಬುತ್ತಿತ್ತು. ಉಳಿದ ಅರ್ಧ ಅಂಗೈಯಲ್ಲಿ ಬೆವೆತು ಅಂಟುತ್ತಿತ್ತು.

ಒಂದು ಶುಕ್ರವಾರ ಶಮೀಮಳಿಗೆ ಅರ್ಧ ದಿನ ಕೆಲಸ. ಸವಾದ್ ಇನ್ನೂ ದುಬೈಯ ರಾಸ್ ಅಲ್ ಖೋರ್‌ನಲ್ಲಿದ್ದ, ತಾನು ಕೆಲಸ ಮಾಡುವ ಗಾಡಿ ರಿಪೇರಿಯ ಗ್ಯಾರೇಜಿನಲ್ಲಿ. ಇಳಿಹಗಲಿನ ಅಸರ್ ನಮಾಜ್ ಮುಗಿಸಿ ಹಲೀಮ ಎಂದಿನಂತೆ ಕುರ್‌ಆನಿನ ಯಾಸೀನ್ ಅಧ್ಯಾಯ ಓದಲು ಕುಳಿತರು. ಅವರಿಗೆ ಪುಸ್ತಕ ಬೇಡ. ಕಣ್ಣು ಮಂಜಾಗುವ ಮೊದಲೇ ಬಾಯಿಪಾಠವಾಗಿತ್ತು. ಶಮೀಮ ಬಾತ್‌ರೂಮಿನಲ್ಲಿ ಲೋಟ ಹಿಡಿದು ನಿಂತಿದ್ದಳು. ಮಾಮಿಯ ಓದು ಅವಳಿಗೆ ಇಷ್ಟ. ದೋಣಿ ಅಲೆ ಹತ್ತಿ ಇಳಿಯುವ ಹಾಗೆ ಆಯತ್ತಿನಿಂದ ಆಯತ್ತಿಗೆ ಆ ದನಿ ಹೋಗುತ್ತಿತ್ತು. ಎಲ್ಲಿ ಉಸಿರು ಎಳೆಯುತ್ತಾರೆ ಎನ್ನುವುದೂ ಅವಳಿಗೆ ಕಂಠಪಾಠ.

ಉಸಿರು ಬರಬಾರದ ಕಡೆ ಬಂತು.

ಶಮೀಮ ನಲ್ಲಿ ನಿಲ್ಲಿಸಿದಳು. ಮಾಮಿ ಅದೇ ಆಯತ್ತನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ನಡುವಿನ ತನಕ ಹೋಗಿ, ನಿಂತು, ಮತ್ತೆ ಮೊದಲಿಗೆ ಬಂದರು. ಮೂರನೆಯ ಸಲ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡವು. ಆ ದನಿ ದಾರಿ ತಪ್ಪಿದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ. ಲೋಟ ಕೈಯಲ್ಲಿರುವಂತೆಯೇ ಬಾಗಿಲು ತೆಗೆದು ಓಡಿದಳು.

ಹಲೀಮ ನಮಾಜಿನ ಚಾಪೆ, ಮುಸಲ್ಲದ ಮೇಲೆ ಕುಳಿತೇ ಇದ್ದರು. ಹಣೆಯ ಬೆವರು ತಲೆಗೆ ಹೊದ್ದ ಮಕ್ಕನದ ಅಂಚನ್ನು ಒದ್ದೆ ಮಾಡಿತ್ತು. ಕೈ ನಡುಗುತ್ತಿತ್ತು.

“ಮಾಮಿ! ಶುಗರ್ ಇಳಿದದ್ದು. ತಡೆಯಿರಿ.” ತನ್ನ ಲೋಟವನ್ನು ಕೆಳಗಿಟ್ಟು, ಅಡುಗೆಮನೆಯಲ್ಲಿ ಬೇರೆ ಲೋಟದ ನೀರಿಗೆ ಸಕ್ಕರೆ ಕಲಸಿ ತಂದು ಅವರ ಬಾಯಿಗೆ ಹಿಡಿದಳು. ಹಲೀಮ ತುಟಿ ಬಿಗಿದರು.

“ಬಾಂಗ್‌ಗೆ... ಎಷ್ಟು ಹೊತ್ತುಂಟು?”

“ಬಾಂಗ್ ಬಿಡಿ. ಕುಡಿಯಿರಿ.”

“ಇಷ್ಟು ಹಿಡಿದಾಯ್ತಲ್ಲ. ನೀನು ಹಿಡಿಯುವಾಗ... ನಾನು...”

ಶಮೀಮ ತಾನು ತಂದಿದ್ದ ಲೋಟವನ್ನು ಎತ್ತಿ, ಅವರ ಕಣ್ಣೆದುರು, ಒಂದೇ ಸಲ ಬಾಯಿ ತುಂಬ ನುಂಗಿದಳು. ಅಷ್ಟು ನೀರು ಆ ಚೀಲಕ್ಕೆ ಹಿಡಿಸುವಂಥದ್ದಲ್ಲ. ಎದೆಯಲ್ಲಿ ಕಲ್ಲು ಸಿಕ್ಕಿಕೊಂಡಂತಾಗಿ ಅವಳು ಮುಂದಕ್ಕೆ ಬಾಗಿದಳು. ಅರ್ಧ ನೀರು ಮೂಗು ಬಾಯಿಯಿಂದ ಹಿಂದೆ ಬಂದು ಕಾರ್ಪೆಟ್ ಮೇಲೆ ಬಿತ್ತು.

“ನಾನು ಹಿಡಿದಿಲ್ಲ ಮಾಮಿ,” ಎಂದಳು ಕೆಮ್ಮಿನ ನಡುವೆ. “ಒಂದೂ ಹಿಡಿದಿಲ್ಲ. ಕುಡಿಯಿರಿ, ನಿಮ್ಮ ಕಾಲು ಹಿಡಿಯುತ್ತೇನೆ.”

ಹಲೀಮ ಅವಳನ್ನು ನೋಡಿದರು. ಆಮೇಲೆ ಬಾಯಿ ತೆರೆದರು. ಸಕ್ಕರೆ ನೀರು ಮುಗಿಯುವ ತನಕ ಶಮೀಮ ಲೋಟ ಬಿಡಲಿಲ್ಲ.

ನಡುಕ ನಿಂತು, ಯಂತ್ರದಲ್ಲಿ ರಕ್ತ ಪರೀಕ್ಷಿಸಿ, ಡಾಕ್ಟರಿಗೆ ಫೋನ್ ಮಾಡಿ ಮುಗಿದ ಮೇಲೆ ಶಮೀಮ ಎಲ್ಲವನ್ನೂ ಹೇಳಿದಳು. ಅಂಗಿ ಎತ್ತಿ ಹೊಟ್ಟೆಯ ಮೇಲಿನ ಸಣ್ಣ ಸಣ್ಣ ಗಾಯದ ಗುರುತುಗಳನ್ನು ತೋರಿಸಿದಳು. ಹಲೀಮ ಅವುಗಳ ಮೇಲೆ ಬೆರಳಾಡಿಸಿದರು.

“ನೋವು ಉಂಟಾ?”

“ಈಗ ಇಲ್ಲ.”

“ದಿನಾ ನನ್ನ ಕೈಯಿಂದ ಖರ್ಜೂರ ತಗೊಂಡು ತುಟಿ ಆಡಿಸ್ತಿದ್ದೆಯಲ್ಲ. ಎಂತ ಹೇಳ್ತಿದ್ದೆ?”

“ಎಂತದೂ ಇಲ್ಲ ಮಾಮಿ. ಬರೀ ತುಟಿ.”

ಹಲೀಮ ಕೈ ಹಿಂದೆ ತೆಗೆದುಕೊಂಡರು. “ಹೊಟ್ಟೆ ಕತ್ತರಿಸಿದ್ದಕ್ಕೆ ನಾನು ಎಂತ ಹೇಳಲಿ. ನಿನ್ನ ಹೊಟ್ಟೆ. ಇದು ಮಾತ್ರ ನೀನು ಮಾಡಬಾರದಿತ್ತು,” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಆ ಸಂಜೆ ಸವಾದ್ ಬಂದ. ಕಾರ್ಪೆಟ್ಟಿನ ಒದ್ದೆಯನ್ನೂ ಇಬ್ಬರ ಮುಖವನ್ನೂ ನೋಡಿ ಖರ್ಜೂರದ ತಟ್ಟೆಯ ಮುಂದೆ ಕುಳಿತ. ಬಾಂಗ್ ಆಯಿತು. ಹಲೀಮ ಖರ್ಜೂರ ಆರಿಸಿ, ಬೀಜ ತೆಗೆದರು. ರೂಢಿಯಿಂದ ಮುಂದೆ ಬಂದಿದ್ದ ಶಮೀಮಳ ಅಂಗೈಯನ್ನು ದಾಟಿ ಅದನ್ನು ಮಗನಿಗೆ ಕೊಟ್ಟರು. ಶಮೀಮ ಕೈಯನ್ನು ಮಡಿಲಿಗೆ ತಂದುಕೊಂಡಳು. ಅಲ್ಲಿ ಅಂಟು ಇರಲಿಲ್ಲ.

“ಉಮ್ಮ, ತಪ್ಪು ನನ್ನದು ಕೂಡ...” ಎಂದು ಸವಾದ್ ಬಾಯಿ ತೆರೆದ.

“ಬಾಯಲ್ಲಿ ಖರ್ಜೂರ ಇಟ್ಟುಕೊಂಡು ಮಾತಾಡಬೇಡ.”

ಮರುದಿನ ಸಹರಿಗೆ ಯಾರೂ ಬಾಗಿಲು ತಟ್ಟಲಿಲ್ಲ. ಶಮೀಮ ಎಚ್ಚರವಾಗಿಯೇ ಮಲಗಿ, ಆಚೆ ಗಂಡನೊಬ್ಬನೇ ತಟ್ಟೆ ಎಳೆದುಕೊಳ್ಳುವ ಸದ್ದು ಕೇಳಿದಳು. ಮಧ್ಯಾಹ್ನ ಅವಳು ಲೋಟ ತುಂಬಿಸಿಕೊಂಡು, ಅಭ್ಯಾಸಬಲದಿಂದ, ಬಾತ್‌ರೂಮಿನ ಚಿಲಕಕ್ಕೆ ಕೈ ಹಾಕಿದಾಗ ಅಡುಗೆಮನೆಯಿಂದ ದನಿ ಬಂತು.

“ಎಲ್ಲಿಗೆ?”

ಹಲೀಮ ಹೊರಗಿನವರಿಗೆ ಕಾಣದಂತೆ ಕಿಟಕಿಯ ಪರದೆ ಎಳೆದು, ಮೇಜಿನ ಮೇಲೆ ತಮ್ಮ ಮಾತ್ರೆ, ಒಂದು ಬಟ್ಟಲು ಗಂಜಿ ಇಟ್ಟುಕೊಂಡಿದ್ದರು. ಎದುರಿನ ಕುರ್ಚಿಯನ್ನು ಕಾಲಿನಿಂದಲೇ ಹಿಂದೆ ತಳ್ಳಿದರು. ಶಮೀಮ ಹೋಗಿ ಕುಳಿತು ಒಂದು ಗುಟುಕು ಕುಡಿದಳು. ಕಾದಳು. ಇನ್ನೊಂದು.

“ಇಷ್ಟು ನಿಧಾನವಾ?”

“ಇಷ್ಟೇ ಆಗುವುದು.”

“ಇಷ್ಟು ಹೊತ್ತೂ ಅಲ್ಲಿ ನಿಂತುಕೊಂಡೇ ಇದ್ದೆಯಾ, ದಿನಾ?”

ಶಮೀಮ ತಲೆಯಾಡಿಸಿ ಮತ್ತೊಂದು ಗುಟುಕು ಕುಡಿದಳು. ಹಲೀಮ ಮಾತ್ರೆಯನ್ನು ಬಾಯಿಗೆ ಹಾಕಲು ಹೋದವರು ನಿಲ್ಲಿಸಿದರು.

“ಬಿಸ್ಮಿ ಹೇಳಿದ್ದು ನನಗೆ ಕೇಳಲಿಲ್ಲ,” ಎಂದರು. “ಮೊದಲಿನಿಂದ ಕುಡಿ.”

ಶಮೀಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈ ಸಲ ತುಟಿಯಷ್ಟೇ ಅಲುಗಿದರೆ ಸಾಲದು. ದನಿ ಒಡೆದು, ನಡುವೆ ಒಮ್ಮೆ ಸಿಕ್ಕಿಕೊಂಡು, ಬಿಸ್ಮಿ ಹೊರಗೆ ಬಂತು.